ಎರಡು ಹನಿಯೂ ಒಡೆದ ದಿನ

ಪ್ರಬಲ, ದುರ್ಬಲ. ಹೈಸ್ಕೂಲಿನಲ್ಲಿ ಮೆಂಡಲ್‌ನ ಬಟಾಣಿ ಪಾಠ ಬಂದಾಗ ನಾವು ಬಾಯಿಪಾಠ ಮಾಡಿದ ಜೋಡಿಪದ. ಎತ್ತರದ ಗಿಡ ಪ್ರಬಲ, ಕುಳ್ಳಗಿನದು ದುರ್ಬಲ. ದುಂಡು ಕಾಳು ಪ್ರಬಲ, ಸುಕ್ಕು ಕಾಳು ದುರ್ಬಲ. ಪರೀಕ್ಷೆಗೆ ಅಷ್ಟು ಸಾಕಿತ್ತು. ಆ ಎರಡನೆಯ ಪದ ನನ್ನೊಳಗೆ ಒಂದು ತಪ್ಪನ್ನು ಬಿತ್ತಿ ಹೋಗಿತ್ತೆಂದು ತಿಳಿಯಲು ಮಾತ್ರ ಬಹಳ ವರ್ಷ ಬೇಕಾಯಿತು. ಮೆಂಡಲ್ 1866ರಲ್ಲಿ ಪ್ರಕಟಿಸಿದ ಜರ್ಮನ್ ಪ್ರಬಂಧದಲ್ಲಿ ಆ ಗುಣಕ್ಕೆ ಕೊಟ್ಟ ಹೆಸರಿಗೆ ‘ಹಿಂದೆ ಸರಿದದ್ದು’ ಎಂದಷ್ಟೇ ಅರ್ಥ. ಮಿಶ್ರತಳಿಯಲ್ಲಿ ಅದು ಮರೆಗೆ ಸರಿಯುತ್ತದೆ. ಮುಂದಿನ ಪೀಳಿಗೆಯಲ್ಲಿ ಒಂದಿಷ್ಟೂ ಮಾಸದೆ, ಇದ್ದ ಹಾಗೇ ಮರಳಿ ಬರುತ್ತದೆ. ಮಾಸದೆ ಮರಳುವುದೇ ಆ ತೋಟದಲ್ಲಿ ಕಂಡ ಸೋಜಿಗ. ಸರಿದು ನಿಂತದ್ದನ್ನು ನಮ್ಮ ಪಠ್ಯದ ಕನ್ನಡ ಸೋತದ್ದೆಂದು ಓದಿಕೊಂಡಿತು.

ಪಿಯುಸಿಯ ಪ್ರಯೋಗಶಾಲೆಯಲ್ಲಿ ಒಂದು ಮಧ್ಯಾಹ್ನ ಬೆರಳ ತುದಿ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಎರಡು ಹನಿ ರಕ್ತ ಇಟ್ಟೆವು. ಎಡದ ಹನಿಗೆ ನೀಲಿ ದ್ರಾವಣ, ಬಲದ ಹನಿಗೆ ಹಳದಿ. ಕಡ್ಡಿಯಿಂದ ಕಲಕಿ ಕಾಯಬೇಕು. ನೀಲಿಯಲ್ಲಿ ರಕ್ತ ಒಡೆದರೆ ಎ ಗುಂಪು, ಹಳದಿಯಲ್ಲಿ ಒಡೆದರೆ ಬಿ, ಎರಡೂ ಒಡೆಯದೆ ಉಳಿದರೆ ಓ. ನನ್ನ ಪಟ್ಟಿಯಲ್ಲಿ ಎರಡು ಹನಿಯೂ ಹಾಲು ಒಡೆದ ಹಾಗೆ ಕಣಕಣವಾದವು. ಏನೋ ಎಡವಟ್ಟಾಯಿತೆಂದು ಇನ್ನೊಂದು ಬೆರಳು ಚುಚ್ಚಿಕೊಂಡೆ. ಮತ್ತೆ ಎರಡೂ ಒಡೆದವು. ಅಪ್ಪನ ಕಡೆಯಿಂದ ಬಂದದ್ದೂ ಇದೆ, ಅಮ್ಮನ ಕಡೆಯಿಂದ ಬಂದದ್ದೂ ಇದೆ, ಒಂದರಿಂದ ಇನ್ನೊಂದು ಮರೆಯಾಗಿಲ್ಲ. ಅದಕ್ಕೆ ಸಹಪ್ರಾಬಲ್ಯ ಎನ್ನುತ್ತಾರೆಂದು ಆ ಸಂಜೆ ಪುಸ್ತಕದಲ್ಲಿ ಹುಡುಕಿ ಓದಿದೆ. ಪಾಠದ ಕೊನೆಯಲ್ಲಿ ಎರಡು ಸಾಲು, ನಿಯಮಕ್ಕೊಂದು ಅಪವಾದ ಎಂಬಂತೆ. ಅಪವಾದ ಯಾವುದು, ನಿಯಮ ಯಾವುದು ಎಂಬ ಪ್ರಶ್ನೆ ಅಂದಿನಿಂದ ನನ್ನ ಜೊತೆಗಿದೆ.

ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ವಿಂಗಡಿಸಿದಾಗ ಸಿಕ್ಕಿದ್ದು ಮೂರೇ. ಎರಡೂ ಕಡೆ ಒಡೆಯುವ ನಾಲ್ಕನೆಯದು ಕಣ್ಣಿಗೆ ಬಿದ್ದದ್ದು ಮರುವರ್ಷ, ಡೆಕಾಸ್ಟೆಲ್ಲೊ ಮತ್ತು ಸ್ಟುರ್ಲಿ ಎಂಬವರಿಗೆ. ಈ ಗುಂಪುಗಳು ತಂದೆತಾಯಿಯರಿಂದ ಇಳಿದು ಬರುವ ಲೆಕ್ಕವನ್ನು ಬಿಡಿಸಿದ್ದು 1924ರಲ್ಲಿ, ಫೆಲಿಕ್ಸ್ ಬರ್ನ್‌ಸ್ಟೈನ್ ಎಂಬ ಗಣಿತಜ್ಞ. ಒಳಗೆ ನಡೆಯುವ ಕೆಲಸ ಇಷ್ಟು: ಕೆಂಪು ರಕ್ತಕಣದ ಮೈಮೇಲೆ ಸಕ್ಕರೆಯ ಅಣುಗಳ ಪುಟ್ಟ ಸರಗಳಿವೆ. ಎ ವಂಶವಾಹಿ ಕಟ್ಟಿಕೊಡುವ ಕಿಣ್ವ ಆ ಸರದ ತುದಿಗೆ ಒಂದು ಬಗೆಯ ಸಕ್ಕರೆ ಪೋಣಿಸುತ್ತದೆ, ಬಿ ಕಟ್ಟಿಕೊಡುವ ಕಿಣ್ವ ಇನ್ನೊಂದು ಬಗೆಯದನ್ನು. ಓ ವಂಶವಾಹಿಯಲ್ಲಿ ಸಾಮಾನ್ಯವಾಗಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿರುತ್ತದೆ, ಆದ್ದರಿಂದ ಅದರ ಕಿಣ್ವ ಕೈಕಟ್ಟಿ ಕೂರುತ್ತದೆ. ಎಬಿ ಗುಂಪಿನವರಲ್ಲಿ ಇಬ್ಬರು ಪೋಣಿಸುವವರೂ ದುಡಿಯುತ್ತಾರೆ. ಕೆಲವು ಕಣ ಎ, ಕೆಲವು ಬಿ ಎಂದು ಪಾಲಾಗುವುದಿಲ್ಲ. ಒಂದೊಂದು ಕಣದ ಮೇಲೂ ಎರಡೂ ಬಗೆಯ ತುದಿಗಳಿರುತ್ತವೆ.

ಇದನ್ನು ಬೆರಕೆಯಿಂದ ಬೇರ್ಪಡಿಸಿ ನೋಡಬೇಕು. ಹಿತ್ತಲಿನ ಸಂಜೆಮಲ್ಲಿಗೆಯ ಕೆಂಪು ತಳಿಗೂ ಬಿಳಿ ತಳಿಗೂ ಪರಾಗ ಕೂಡಿಸಿದರೆ ಗುಲಾಬಿ ಬಣ್ಣದ ಹೂ ಬರುತ್ತದೆ. ಅಲ್ಲಿ ಯಾರೂ ಗೆಲ್ಲಲಿಲ್ಲ, ನಿಜ. ಆದರೆ ಆ ಹೂವಿನಲ್ಲಿ ಕೆಂಪೂ ಕೆಂಪಾಗಿ ಉಳಿಯಲಿಲ್ಲ, ಬಿಳಿಯೂ ಬಿಳಿಯಾಗಿ ಉಳಿಯಲಿಲ್ಲ. ಇಂಗ್ಲೆಂಡಿನ ಶಾರ್ಟ್‌ಹಾರ್ನ್ ದನಗಳ ಕಥೆ ಬೇರೆ. ಕೆಂಪು ಹಸುವಿಗೂ ಬಿಳಿ ಹೋರಿಗೂ ಹುಟ್ಟಿದ ಕರು ದೂರಕ್ಕೆ ಮಾಸಲು ಕೆಂಪಾಗಿ ಕಾಣುತ್ತದೆ. ಹತ್ತಿರ ಹೋಗಿ ಮೈ ಸವರಿದರೆ ಕೂದಲು ಕೂದಲೂ ಬೇರೆ: ಇದು ಅಚ್ಚ ಕೆಂಪು, ಪಕ್ಕದ್ದು ಅಚ್ಚ ಬಿಳಿ. ದೂರದಿಂದ ಬೆರಕೆಯಂತೆ ಕಂಡದ್ದು ಹತ್ತಿರದಿಂದ ಜೊತೆಯಾಗಿ ಕಾಣುತ್ತದೆ. ನಾನು ಹೇಳಬೇಕೆಂದಿರುವುದರ ಬೀಜ ಈ ಕರುವಿನ ಮೈಮೇಲಿದೆ.

ಮೆಂಡಲ್‌ನ ಸುಕ್ಕು ಕಾಳಿಗೇ ಮರಳೋಣ. ಕಾಳು ಯಾಕೆ ಸುಕ್ಕುತ್ತದೆ ಎಂಬುದರ ಒಳಗುಟ್ಟು ಬಯಲಾದದ್ದು 1990ರಲ್ಲಿ. ಪಿಷ್ಟಕ್ಕೆ ಕವಲು ಮೂಡಿಸುವ ಒಂದು ಕಿಣ್ವ ಅದರಲ್ಲಿ ಕೆಟ್ಟಿರುತ್ತದೆ. ಪಿಷ್ಟ ಕಡಿಮೆಯಾಗಿ, ಸಕ್ಕರೆ ಉಳಿದು, ಎಳೆಗಾಳು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗಿ ಸುಕ್ಕಾಗುತ್ತದೆ. ಎರಡರಲ್ಲಿ ಒಂದು ವಂಶವಾಹಿ ಸರಿಯಿದ್ದರೂ ಕಾಳು ದುಂಡಾಗುವಷ್ಟು ಕಿಣ್ವ ಸಿಗುತ್ತದೆ. ಅಂದರೆ ‘ಪ್ರಬಲ’ ವಂಶವಾಹಿ ‘ದುರ್ಬಲ’ವನ್ನು ಏನೂ ಮಾಡುವುದಿಲ್ಲ. ಹೆದರಿಸುವುದಿಲ್ಲ, ಅದುಮುವುದಿಲ್ಲ, ಅದರ ಇರವೂ ಇದಕ್ಕೆ ಗೊತ್ತಿಲ್ಲ. ತನ್ನ ಪಾಡಿಗೆ ತಾನು ದುಡಿಯುತ್ತದೆ, ಆ ದುಡಿಮೆ ದುಂಡಗಾಗಲು ಸಾಕಾಗುತ್ತದೆ, ಅಷ್ಟೇ. ಅದೇ ಮಿಶ್ರತಳಿ ಕಾಳನ್ನು ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಪಿಷ್ಟದ ಹರಳುಗಳು ಪೂರ್ತಿ ದುಂಡು ಕಾಳಿನವೂ ಅಲ್ಲ, ಸುಕ್ಕು ಕಾಳಿನವೂ ಅಲ್ಲ, ನಡುವಿನವು. ಇನ್ನೂ ಒಳಗಿಳಿದು ಡಿಎನ್ಎ ಓದಿದರೆ ಎರಡು ಬರಹಗಳೂ ಪಕ್ಕಪಕ್ಕದಲ್ಲಿ ಸ್ಪಷ್ಟವಾಗಿವೆ. ಒಂದೇ ಕಾಳು, ಮೂರು ಉತ್ತರ. ಯಾರು ಪ್ರಬಲ ಎಂಬ ಪ್ರಶ್ನೆಗೆ ಉತ್ತರ ನಾವು ಎಲ್ಲಿ ನಿಂತು ನೋಡುತ್ತೇವೆ ಎಂಬುದರಲ್ಲಿದೆ.

ಕಾಳಿನ ಮಾತಾದರೆ ಇದು ಪಾಠದ ಸೂಕ್ಷ್ಮವಷ್ಟೆ. ಮನುಷ್ಯರ ಮಾತಾದಾಗ ಅದರ ತೂಕ ಬೇರೆಯಾಗುತ್ತದೆ. ಕುಡಗೋಲು ಕಣ ರೋಗ, ಸಿಕಲ್ ಸೆಲ್, ಅಂಥದ್ದು. ಹಿಮೋಗ್ಲೋಬಿನ್ನಿನ ಒಂದು ಎಳೆಯಲ್ಲಿ 146 ಅಮೈನೊ ಆಮ್ಲಗಳಿವೆ. ಆರನೆಯದೊಂದು ಬದಲಾಗಿದೆ ಎಂದು 1950ರ ದಶಕದಲ್ಲಿ ವರ್ನನ್ ಇಂಗ್ರಾಮ್ ತೋರಿಸಿದರು. ಅಷ್ಟರಿಂದಲೇ ಆಮ್ಲಜನಕ ಇಳಿದಾಗ ರಕ್ತಕಣ ಕುಡಗೋಲಿನಂತೆ ಬಾಗುತ್ತದೆ, ಕಿರಿದಾದ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡೂ ವಂಶವಾಹಿ ಹಾಗಿದ್ದ ಮಗುವಿನ ಮೂಳೆ, ಕೀಲು, ಗುಲ್ಮದ ನೋವನ್ನು ಕಂಡವರು ಅದರ ಬಗ್ಗೆ ಹಗುರಾಗಿ ಮಾತಾಡಲಾರರು. ಒಂದೇ ವಂಶವಾಹಿ ಹಾಗಿದ್ದವರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದ್ದರಿಂದ ಆರೋಗ್ಯದ ಕಣ್ಣಿನಿಂದ ನೋಡಿದರೆ ಅದು ‘ದುರ್ಬಲ’ ವಂಶವಾಹಿ.

1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಜೊತೆಗಾರರು ಅಂಥ ವಾಹಕರ ರಕ್ತದ ಹಿಮೋಗ್ಲೋಬಿನ್ನನ್ನು ವಿದ್ಯುತ್ ಕ್ಷೇತ್ರದಲ್ಲಿ ಹರಿಯಬಿಟ್ಟಾಗ ಅದು ಎರಡು ಪಾಲಾಗಿ ಬೇರ್ಪಟ್ಟಿತು. ಸಾಮಾನ್ಯವಾದದ್ದೂ ಇತ್ತು, ಕುಡಗೋಲಿನದೂ ಇತ್ತು. ಅಣುವಿನ ಮಟ್ಟದಲ್ಲಿ ಅದು ಅಪ್ಪಟ ಸಹಪ್ರಾಬಲ್ಯ. 1954ರಲ್ಲಿ, ಕೆನ್ಯಾದಲ್ಲಿ ಬೆಳೆದ ವೈದ್ಯ ಆಂಥೊನಿ ಆಲಿಸನ್ ಇನ್ನೊಂದನ್ನು ತೋರಿಸಿದರು: ಮಲೇರಿಯಾ ಹೆಚ್ಚಿರುವ ಸೀಮೆಯಲ್ಲಿ ಈ ವಂಶವಾಹಿಯ ಒಂದು ಪ್ರತಿ ಇದ್ದವರು ತೀವ್ರ ಮಲೇರಿಯಾದಿಂದ ಬಹುಮಟ್ಟಿಗೆ ಪಾರಾಗುತ್ತಾರೆ. ಆ ರಕ್ಷಣೆಗೆ ಒಂದೇ ಪ್ರತಿ ಸಾಕು. ಆ ದಿಕ್ಕಿನಿಂದ ಅದೇ ವಂಶವಾಹಿ ಪ್ರಬಲ. ಕಾಯಿಲೆ ಕೇಳಿದರೆ ಹಿಂದೆ ಸರಿದದ್ದು, ಸೊಳ್ಳೆ ಕಚ್ಚಿದರೆ ಮುಂದೆ ಬಂದದ್ದು, ಹಿಮೋಗ್ಲೋಬಿನ್ ಕೇಳಿದರೆ ಸರಿಸಾಟಿ. ಯಾವುದನ್ನು ಅದರ ನಿಜವಾದ ಗುಣವೆನ್ನೋಣ? ಮೂರೂ ನಿಜವೆಂದೇ ನಾನು ನಂಬಿದ್ದೇನೆ. ಸುಳ್ಳಾದದ್ದು, ಆ ಬಲವೋ ದುರ್ಬಲತೆಯೋ ವಂಶವಾಹಿಯ ಹಣೆಯಲ್ಲೇ ಬರೆದಿದೆ ಎಂಬ ನಮ್ಮ ಊಹೆ.

ಭಾರತದಲ್ಲಿ ಈ ಕಣ ಮೊದಲು ವರದಿಯಾದದ್ದು ನಮ್ಮ ನೆರೆಯ ನೀಲಗಿರಿಯಲ್ಲಿ. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಅಲ್ಲಿನ ಬುಡಕಟ್ಟು ಜನರ ರಕ್ತದಲ್ಲಿ ಅದನ್ನು ಕಂಡರು. ಕಾಕತಾಳೀಯವೆಂದರೆ ಅದೇ ವರ್ಷ ಮುಂಬಯಿಯಲ್ಲಿ ವೈ. ಎಂ. ಭೆಂಡೆ ಮತ್ತು ಸಂಗಡಿಗರು ಇನ್ನೊಂದು ರಕ್ತವನ್ನು ಕಂಡರು. ನಾನು ಮೇಲೆ ಹೇಳಿದ ಸಕ್ಕರೆಯ ಸರ ಇದೆಯಲ್ಲ, ಅದರ ಬುಡದ ರಚನೆಗೆ ಎಚ್ ಎಂದು ಹೆಸರು. ಮುಂಬಯಿಯಲ್ಲಿ ಕಂಡ ಈ ಬಾಂಬೆ ರಕ್ತಗುಂಪಿನವರಲ್ಲಿ ಆ ಬುಡವೇ ಇಲ್ಲ. ಅವರಿಗೆ ಎ ವಂಶವಾಹಿ ಬಂದಿರಬಹುದು, ಬಿ ಬಂದಿರಬಹುದು, ಎರಡೂ ಬಂದಿರಬಹುದು; ಪೋಣಿಸಲು ಸರವಿಲ್ಲದೆ ಎರಡು ಕಿಣ್ವಗಳೂ ಬರಿಗೈಯಲ್ಲಿ ನಿಲ್ಲುತ್ತವೆ. ಪರೀಕ್ಷೆ ಮಾಡಿದರೆ ಓ ಎಂಬಂತೆ ಕಾಣುತ್ತದೆ, ಆದರೆ ಓ ರಕ್ತವೂ ಅವರಿಗೆ ಆಗದು. ಎ ಮತ್ತು ಬಿ ಸರಿಸಮ ನಿಲ್ಲುವುದಕ್ಕೆ ಎರಡರದ್ದೂ ಅಲ್ಲದ ಒಂದು ನೆಲ ಬೇಕು ಎಂಬುದನ್ನು ಯೋಚಿಸುತ್ತ ಕೂತರೆ ನನಗೆ ಗಂಟೆಗಳು ಸರಿದದ್ದು ತಿಳಿಯುವುದಿಲ್ಲ. ಸಮಾನರನ್ನು ನೋಡುವಾಗ ಅವರ ಕಾಲ ಕೆಳಗಿನದನ್ನು ನಾವು ನೋಡುವುದೇ ಇಲ್ಲ.

ನೀಲಗಿರಿಯ ಉತ್ತರದ ಬುಡದಲ್ಲಿ, ಬಂಡೀಪುರಕ್ಕೆ ಅಂಟಿಕೊಂಡು ಮುದುಮಲೆ ಕಾಡಿದೆ. ಪರಿಸರ ವಿಜ್ಞಾನದವರು ಸಹಪ್ರಾಬಲ್ಯ ಎಂದಾಗ ಏನು ಹೇಳುತ್ತಾರೆಂದು ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ ಅಲ್ಲಿ 50 ಹೆಕ್ಟೇರ್ ಕಾಡನ್ನು ಗುರುತು ಮಾಡಿ, ಒಂದು ಸೆಂಟಿಮೀಟರಿಗಿಂತ ದಪ್ಪವಿದ್ದ ಪ್ರತಿ ಕಾಂಡಕ್ಕೂ ನಂಬರು ಕಟ್ಟಿದರು. ಸುಮಾರು 25 ಸಾವಿರ ಕಾಂಡಗಳು, 70ರ ಆಸುಪಾಸಿನ ಜಾತಿಗಳು. ಆದರೆ ತಲೆಯೆತ್ತಿ ನೋಡಿದರೆ ಆಕಾಶವನ್ನು ಹಂಚಿಕೊಂಡವರು ಬೆರಳೆಣಿಕೆಯಷ್ಟು: ದಿಂಡಿಗ, ಮತ್ತಿ, ನಂದಿ, ತೇಗ. ಪಶ್ಚಿಮಘಟ್ಟದ ಸಸ್ಯನಕ್ಷೆ ಬರೆದ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಇಂಥ ಒಣ ಎಲೆಯುದುರು ಕಾಡನ್ನು ದಿಂಡಿಗ–ತೇಗ–ಮತ್ತಿ ಎಂದು ಮೂರು ಮರಗಳ ಹೆಸರು ಕೂಡಿಸಿಯೇ ಕರೆದರು. ಒಂದು ಹೆಸರಿಗೆ ಆ ಕಾಡು ಸಿಗುವುದಿಲ್ಲ.

ಮರಗಳನ್ನು ಅಳೆಯುವ ಅರಣ್ಯಶಾಸ್ತ್ರಜ್ಞರಿಗೆ ಇದೇ ಪದಕ್ಕೆ ಇನ್ನೂ ಮಣ್ಣಿನ ವಾಸನೆಯ ಅರ್ಥವಿದೆ. ಎಲ್ಲರನ್ನೂ ಮೀರಿ ತಲೆಯೆತ್ತಿದ ಮರ ಪ್ರಬಲ. ಮೇಲಿನಿಂದಲೂ ಪಕ್ಕದಿಂದಲೂ ಅದಕ್ಕೆ ಬಿಸಿಲು. ಸಹಪ್ರಬಲ ಮರಕ್ಕೆ ನೆತ್ತಿಯ ಮೇಲೆ ಪೂರ್ತಿ ಬಿಸಿಲು, ಪಕ್ಕಗಳಲ್ಲಿ ನೆರೆಯ ಮರದ ನೆರಳು. ಕಾಡಿನ ಛಾವಣಿ ಎಂದು ನಾವು ಕರೆಯುವುದು ಬಹುಪಾಲು ಇವುಗಳನ್ನೇ.

ಇಲ್ಲಿ ಒಂದು ವ್ಯತ್ಯಾಸವನ್ನು ಮುಚ್ಚಿಡಬಾರದು. ವಂಶವಾಹಿಗಳು ಒಂದನ್ನೊಂದು ಅದುಮುವುದಿಲ್ಲ ಎಂದೆ. ಮರಗಳು ಅದುಮುತ್ತವೆ. ದಿಂಡಿಗ ಹಿಡಿದ ಬಿಸಿಲು ಮತ್ತಿಗೆ ಸಿಗದು, ಮತ್ತಿ ಹೀರಿದ ನೀರು ತೇಗಕ್ಕಿಲ್ಲ. ಒಂದೇ ಪದ ಎರಡು ಶಾಸ್ತ್ರಗಳಲ್ಲಿ ಬೇರೆ ಬೇರೆ ಬದುಕು ಬದುಕುತ್ತಿದೆ. ಒಂದೇ ಆಹಾರಕ್ಕೆ ಒಂದೇ ರೀತಿ ಮುಗಿಬೀಳುವ ಎರಡು ಜೀವಿಗಳು ಬಹುಕಾಲ ಒಟ್ಟಿಗಿರಲಾರವು ಎಂದು ರಷ್ಯಾದ ಗಾಜ್ 1934ರಲ್ಲೇ ಸೂಕ್ಷ್ಮಜೀವಿಗಳನ್ನು ಸಾಕಿ ತೋರಿಸಿದ್ದರು. ಹಾಗಿದ್ದರೆ ಛಾವಣಿಯಲ್ಲಿ ನಾಲ್ಕು ಜಾತಿ ಯಾಕೆ ಉಳಿದವು? ಯಾವುದೋ ಒಂದು ಎಲ್ಲವನ್ನೂ ನುಂಗಬೇಕಿತ್ತಲ್ಲ?

ಈ ಪ್ರಶ್ನೆಗೆ ಗಣಿತ ಕೊಟ್ಟ ಉತ್ತರ ನಾನು ವಿಜ್ಞಾನದಲ್ಲಿ ಓದಿದ ಅತ್ಯಂತ ಗಂಭೀರ ಮಾತುಗಳಲ್ಲಿ ಒಂದು. ಎರಡು ಜಾತಿಗಳು ಬಾಳಿಕೆ ಬರುವಂತೆ ಜೊತೆಗಿರಬೇಕಾದರೆ ಪ್ರತಿಯೊಂದೂ ಪರರನ್ನು ತಡೆಯುವುದಕ್ಕಿಂತ ಹೆಚ್ಚಾಗಿ ತನ್ನವರನ್ನೇ ತಡೆಯಬೇಕು. ಕಾಡು ಈ ಸಮೀಕರಣವನ್ನು ತನ್ನದೇ ರೀತಿಯಲ್ಲಿ ಬಿಡಿಸುತ್ತದೆ. ಡೇನಿಯಲ್ ಜಾನ್ಜೆನ್ 1970ರಲ್ಲಿ, ಜೋಸೆಫ್ ಕಾನೆಲ್ 1971ರಲ್ಲಿ ಬೇರೆ ಬೇರೆಯಾಗಿ ಹೇಳಿದ್ದು ಇದು: ತಾಯಿಮರದ ಕೆಳಗೆ ಬೀಜ ಹೆಚ್ಚು ಬೀಳುತ್ತದೆ, ಆದರೆ ಆ ಜಾತಿಯನ್ನೇ ತಿನ್ನುವ ಹುಳ, ಅದಕ್ಕೇ ಅಂಟುವ ಬೂಷ್ಟು ಕೂಡ ಅಲ್ಲೇ ನೆರೆಯುತ್ತವೆ. ಸಸಿ ತಾಯಿಯ ಬುಡದಲ್ಲಿ ಸಾಯುತ್ತದೆ, ಪರರ ನೆರಳಲ್ಲಿ ಬದುಕುತ್ತದೆ. ಜಾತಿಯೊಂದು ಹೆಚ್ಚಿದಷ್ಟೂ ಅದರ ಹೆಚ್ಚಳವೇ ಅದಕ್ಕೆ ಕಡಿವಾಣ. ಮರಕ್ಕೆ ಇದು ತ್ಯಾಗವಲ್ಲ, ಔದಾರ್ಯವೂ ಅಲ್ಲ. ಅದಕ್ಕೆ ಬೇರೆ ದಾರಿಯಿಲ್ಲ. ಆದರೂ ಆ ಏರ್ಪಾಟಿನ ಮುಂದೆ ನಿಂತಾಗ ತಲೆ ಬಾಗುತ್ತದೆ.

ಹೊರಗಿನ ಕೈಗಳೂ ಇವೆ. ಮುದುಮಲೆಯ ಆ ಜಾಗದಲ್ಲಿ ಆರಂಭದಲ್ಲಿ ಸಾವಿರಾರು ಸಂಖ್ಯೆಯಲ್ಲಿದ್ದ ಬೆಂಡೆಮರಗಳನ್ನು ಆನೆಗಳು ಮುರಿದು, ತೊಗಟೆ ಸುಲಿದು, ವರ್ಷ ವರ್ಷಕ್ಕೂ ಇಳಿಸಿಬಿಟ್ಟವು. ಬೇಸಿಗೆಯ ಬೆಂಕಿ ಎಳೆಯ ಕಾಂಡಗಳನ್ನು ಆರಿಸಿ ಕೊಲ್ಲುತ್ತದೆ. ಯಾರು ಛಾವಣಿಗೇರಬೇಕೆಂಬುದನ್ನು ಮರಗಳಷ್ಟೇ ತೀರ್ಮಾನಿಸುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದನ್ನು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ವರ್ಷದ ಆರಂಭದಲ್ಲಿ, ಕಾಡು ಪೂರ್ತಿ ಒಣಗುವ ಮೊದಲು ಅವರ ಹಿರಿಯರು ಹಚ್ಚುತ್ತಿದ್ದ ಸಣ್ಣ ತರಗುಬೆಂಕಿ ನೆಲದ ಎಲೆಯನ್ನಷ್ಟೇ ಸುಟ್ಟು ಆರುತ್ತಿತ್ತು. 1974ರಲ್ಲಿ ಆ ಬೆಟ್ಟದ ಕಾಡು ಅಭಯಾರಣ್ಯವಾಯಿತು, ತರಗುಬೆಂಕಿ ನಿಂತಿತು, ಲಂಟಾನ ಎದ್ದಿತು ಎಂಬುದು ಅವರ ಅನುಭವದ ಲೆಕ್ಕ. ಪ್ರಾಬಲ್ಯ ಹೇಗಿರುತ್ತದೆಂದು ನೋಡಬೇಕಾದವರು ಲಂಟಾನದ ಪೊದೆಯೊಳಗೆ ನುಗ್ಗಿ ನೋಡಬೇಕು. ಮೇಲೆ ಬಣ್ಣಬಣ್ಣದ ಹೂ, ಒಳಗೆ ಒಂದು ಹುಲ್ಲಿನೆಸಳು ಹುಡುಕುವುದೂ ಕಷ್ಟ.

ಸಹಪ್ರಾಬಲ್ಯವೆಂದರೆ ಒಳ್ಳೆಯದು, ಪ್ರಾಬಲ್ಯವೆಂದರೆ ಕೆಟ್ಟದ್ದು ಎಂದು ಹೇಳಲು ಹೊರಟಿಲ್ಲ. ಒಂದೇ ಮರದಲ್ಲಿ ಎರಡು ಕಾಂಡಗಳು ಸಮನಾಗಿ ಎದ್ದರೆ ಮರ ಆರೈಸುವವರು ಅದನ್ನೂ ಸಹಪ್ರಬಲ ಕಾಂಡವೆಂದೇ ಕರೆಯುತ್ತಾರೆ, ಮತ್ತು ಅದಕ್ಕೆ ಹೆದರುತ್ತಾರೆ. ಕಾಂಡವೂ ಕೊಂಬೆಯೂ ಕೂಡುವಲ್ಲಿ ಮರ ತನ್ನ ನಾರುಗಳನ್ನು ಒಂದರ ಮೇಲೊಂದು ಹೊದಿಸಿ ಬಿಗಿ ಮಾಡುತ್ತದೆ. ಎರಡೂ ಸಮ ದಪ್ಪದವಾಗಿ ಇಕ್ಕಟ್ಟಾದ ಕವೆಯಲ್ಲಿ ಎದ್ದರೆ ನಡುವೆ ತೊಗಟೆ ಸಿಕ್ಕಿಕೊಳ್ಳುತ್ತದೆ. ಹೊರಗೆ ಒಂದಾಗಿ ಕಾಣುವ ಅವು ಒಳಗೆ ಬೆಸೆದಿರುವುದಿಲ್ಲ. ದಪ್ಪವಾದಷ್ಟೂ ಒಂದನ್ನೊಂದು ತಳ್ಳುತ್ತವೆ. ಮುಂಗಾರಿನ ಮೊದಲ ಗಾಳಿಮಳೆಗೆ ನಗರದ ರಸ್ತೆಗಳಲ್ಲಿ ದೊಡ್ಡ ಮರಗಳು ನಡುಮಧ್ಯ ಸೀಳಿ ಬಿದ್ದಾಗ ನಾನು ಹೋಗಿ ಆ ಸೀಳನ್ನು ನೋಡುತ್ತೇನೆ. ಎಷ್ಟೋ ಸಲ ಅಲ್ಲಿ ಹಸಿ ಮರವಿರುವುದಿಲ್ಲ. ಕಪ್ಪಾದ ಹಳೆಯ ತೊಗಟೆ ಇರುತ್ತದೆ, ಎಷ್ಟೋ ವರ್ಷ ಹಿಂದೆಯೇ ಬೇರ್ಪಟ್ಟದ್ದರ ಗುರುತಾಗಿ.

ಬಿಳಿಗಿರಿಯ ಹಾಡಿಗಳಿಗೇ ಹಿಂತಿರುಗುತ್ತೇನೆ. ಕುಡಗೋಲು ಕಣದ ವಂಶವಾಹಿ ಕರ್ನಾಟಕದ ಈ ಕಾಡಂಚಿನ ಜನರ ರಕ್ತದಲ್ಲೂ ಇದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನದಲ್ಲಿ ಏಳು ಕೋಟಿ ಜನರ ತಪಾಸಣೆಯ ಗುರಿ ಇಡಲಾಯಿತು, ಕರ್ನಾಟಕವೂ ಅದರಲ್ಲಿ ಸೇರಿದೆ. ಇದು ಆಗಲೇಬೇಕಾದ ಕೆಲಸ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಆ ನೋವಿನ ಸಾಧ್ಯತೆ ಇರುತ್ತದೆ, ಅದನ್ನು ಮೊದಲೇ ತಿಳಿದಿರುವುದು ಅವರ ಹಕ್ಕು. ನನ್ನ ಯೋಚನೆ ಫಲಿತಾಂಶದ ಚೀಟಿ ಕೈಗಿಡುವ ಆ ಒಂದು ನಿಮಿಷದ ಬಗ್ಗೆ. ಹದಿನೆಂಟು ವರ್ಷದ ಹುಡುಗಿಗೆ ಕನ್ನಡದಲ್ಲಿ ಏನು ಹೇಳುತ್ತಾರೆ? ನಿನ್ನ ರಕ್ತದಲ್ಲಿ ದೋಷವಿದೆ ಎನ್ನುತ್ತಾರೆಯೇ? ನಿನ್ನೊಳಗೆ ಒಂದು ದುರ್ಬಲ ವಂಶವಾಹಿ ಇದೆ ಎನ್ನುತ್ತಾರೆಯೇ? ಆ ಮಾತು ಮದುವೆಯ ಮಾತುಕತೆಗೂ ಹೋಗುತ್ತದೆ, ಮನೆಯ ಒಲೆಯ ಮುಂದೆಯೂ ಕೂರುತ್ತದೆ.

ಹೇಳುವವರು ಆ ಪರೀಕ್ಷೆಯ ಪಟ್ಟಿಯನ್ನೇ ಅವಳಿಗೆ ತೋರಿಸಲಿ ಎಂದು ನನಗೆ ಆಸೆ. ವಿದ್ಯುತ್ತಿನಲ್ಲಿ ಹರಿದ ಹಿಮೋಗ್ಲೋಬಿನ್ ಅದರ ಮೇಲೆ ಎರಡು ಗೆರೆಯಾಗಿ ನಿಂತಿರುತ್ತದೆ. ಗೆರೆಗಳು ಸಮವಾಗಿರುವುದಿಲ್ಲ. ಒಂದು ನೂರಕ್ಕೆ ಅರವತ್ತರಷ್ಟು, ಇನ್ನೊಂದು ನಲವತ್ತರ ಒಳಗೆ, ಯಾಕೆಂದರೆ ಹಿಮೋಗ್ಲೋಬಿನ್ನಿನ ಇನ್ನೊಂದು ಎಳೆ ಸಾಮಾನ್ಯ ಎಳೆಯ ಕೈಯನ್ನೇ ತುಸು ಬೇಗ ಹಿಡಿಯುತ್ತದೆ. ಸಮಪಾಲಿಲ್ಲದಿದ್ದರೂ ಎರಡೂ ಇವೆ. ಒಂದು ಗೆರೆ ಅವಳ ಉಸಿರನ್ನು ಹೊತ್ತು ನಡೆದಿದೆ. ಇನ್ನೊಂದು, ಯಾವುದೋ ಮಳೆಗಾಲದಲ್ಲಿ, ಅವಳ ಅಜ್ಜಿಯ ಅಜ್ಜಿಯೊಬ್ಬಳನ್ನು ಚಳಿಜ್ವರದಿಂದ ಎಬ್ಬಿಸಿ ಕೂರಿಸಿರಬಹುದು.